ಮನೆಯಲ್ಲೇ ಬಾನೆಟ್ ಪೇಂಟ್: ಹಳೇ ಬಣ್ಣ ಎಷ್ಟು ತೆಗೆಯಬೇಕು?

ಪ್ರಶ್ನೆ: ಅಣ್ಣಾ ನಮಸ್ಕಾರ, ನಾವು ಕುಂದಾಪುರ ಕಡೆಯವರು. ಹಳೇ ಸಿಲ್ವರ್ ಆಲ್ಟೊ ಇದೆ. ಬಾನೆಟ್ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆ ಏಳ್ತಾ ಇದೆ, ಮುಂದಿನ ಅಂಚಲ್ಲಿ ತುಕ್ಕಿನ ಗುಳ್ಳೆ ಬಂದಿದೆ. ಎಲ್ಲಾ ಕಿತ್ತು ತಗಡಿನವರೆಗೆ ಹೋಗಬೇಕಾ, ಇಲ್ಲಾ 400ರ ಸ್ಯಾಂಡ್‌ಪೇಪರಲ್ಲಿ ಒಂದು ಸಲ ಉಜ್ಜಿದರೆ ಸಾಕಾ?

ಉತ್ತರ: ಎರಡೂ ಬೇಡ. ಕಂಪನಿ ಬಣ್ಣ ಗಟ್ಟಿಯಾಗಿ ಹಿಡಿದಿರೋ ಕಡೆ ಅದನ್ನ ಕೀಳಬೇಡಿ, ಅಷ್ಟು ಒಳ್ಳೆ ತಳ ಮನೆಯಲ್ಲಿ ಮತ್ತೆ ಕಟ್ಟೋಕಾಗಲ್ಲ. ತಗಡು ಕಾಣಬೇಕಾದ್ದು ತುಕ್ಕಿರೋ ಜಾಗದಲ್ಲಿ ಮಾತ್ರ.

ಪೇಪರ್ ಮುಟ್ಟೋ ಮೊದಲು ತೊಳೀರಿ. ಹೆಚ್ಚಿನವರು ಕೆಡಿಸಿಕೊಳ್ಳೋದು ಇಲ್ಲೇ. ನಿಮ್ಮ ಕಡೆ ಗಾಳಿಯಲ್ಲೇ ಉಪ್ಪು. ಅದು ಒಳಗೆ ಉಳಿದರೆ ಹೊಸ ಬಣ್ಣದಡಿ ಗುಳ್ಳೆ ಏಳುತ್ತೆ. ಸಿಹಿನೀರು, ಶಾಂಪೂ ಹಾಕಿ ತೊಳೆದು ಒಣಗಿಸಿ. ಆಮೇಲೆ ಪೇಂಟ್ ಅಂಗಡಿಯಲ್ಲಿ ಸಿಗೋ ವ್ಯಾಕ್ಸ್-ಗ್ರೀಸ್ ರಿಮೂವರ್ ಒಂದು ಬಟ್ಟೆಯಲ್ಲಿ ಹಚ್ಚಿ, ಆರೋದರೊಳಗೆ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿ. ಹಳೇ ಪಾಲಿಶಿನ ಸಿಲಿಕೋನ್ ಇದ್ದಂತೆಯೇ ಉಜ್ಜಿದರೆ ಅದು ಗೀರುಗಳೊಳಗೆ ಕೂರುತ್ತೆ, ಪೇಂಟ್ ಹೊಡೆದಾಗ ಅಲ್ಲಲ್ಲಿ ಬಣ್ಣ ಹಿಡಿಯದೆ ದುಂಡಗೆ ಬಿಟ್ಟುಕೊಳ್ಳುತ್ತೆ.

ಕ್ಲಿಯರ್ ಎಲ್ಲಿವರೆಗೆ ಸುಲಭವಾಗಿ ಏಳುತ್ತೋ ಅಲ್ಲಿವರೆಗೆ ತೆಗೀರಿ. ಉಳಿದ ಅಂಚನ್ನ, 400ಕ್ಕಿಂತ ಒರಟಾದ 240ರ ಪೇಪರನ್ನ ಚಪ್ಪಟೆ ಬ್ಲಾಕಿಗೆ ಸುತ್ತಿಕೊಂಡು ಇಳಿಜಾರು ಮಾಡಿ. ಬರೀ ಬೆರಳಲ್ಲಿ ಉಜ್ಜಿದರೆ ಗುಂಡಿ ಬೀಳುತ್ತೆ. ಸರಿಯಾಯಿತಾ ನೋಡೋಕೆ ಕಣ್ಣನ್ನ ನಂಬಬೇಡಿ. ಅಂಗೈ ಕೆಳಗೆ ತೆಳ್ಳನೆ ಹತ್ತಿಬಟ್ಟೆ ಇಟ್ಟು ನಿಧಾನಕ್ಕೆ ಸವರಿ, ಮೆಟ್ಟಿಲು ಉಳಿದಿದ್ದರೆ ಕೈಗೇ ತಗಲುತ್ತೆ. ಆ ಮೆಟ್ಟಿಲು ಪ್ರೈಮರ್‌ನಿಂದ (ಬಣ್ಣಕ್ಕೆ ಮೊದಲು ಹೊಡೆಯೋ ತಳಪದರ) ಮುಚ್ಚಲ್ಲ, ಬಿಸಿಲಲ್ಲಿ ಗೆರೆಯಾಗಿ ಎದ್ದು ಕಾಣುತ್ತೆ. ಆಮೇಲೆ ಇಡೀ ಬಾನೆಟ್ 400ರಲ್ಲಿ ಹೊಳಪು ಪೂರ್ತಿ ಹೋಗೋವರೆಗೆ.

ತುಕ್ಕು ಕೆರೆದ ಜಾಗಕ್ಕೆ ನೀರು ಹಾಕಬೇಡಿ, ಒಣಗಿದ್ದೇ ಉಜ್ಜಿ. ಕರಾವಳಿಯ ತೇವಕ್ಕೆ ಬೆತ್ತಲೆ ತಗಡು ಬಹಳ ಬೇಗ ಮತ್ತೆ ತುಕ್ಕು ಹಿಡಿಯುತ್ತೆ, ಅದಕ್ಕೇ ತುಕ್ಕು ತಡೆಯೋ ಎಪಾಕ್ಸಿ ಪ್ರೈಮರ್ ಅವತ್ತೇ ಬೀಳಬೇಕು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಒಂದು ಮೂಲೆಯಲ್ಲಿ ಹಿಂದೆ ಯಾರೋ ಟಚಪ್ ಮಾಡಿದಾರೆ ಅಣ್ಣಾ. ಅದರ ಮೇಲೇ ಹೊಡೀಬಹುದಾ?

ಉತ್ತರ: ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಅಲ್ಲಿ ಉಜ್ಜಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಎನ್‌ಸಿ ಪೇಂಟ್, ಇಲ್ಲಾ ಸರಿಯಾಗಿ ಗಟ್ಟಿಯಾಗದ ಪೇಂಟ್. ಅದರ ಮೇಲೆ ಹೊಡೆದರೆ ಹೊಸ ಪೇಂಟಿನ ಥಿನ್ನರಿಗೆ ಸುಕ್ಕುಗಟ್ಟಿ ಎದ್ದು ಬರಬಹುದು. ಅಷ್ಟು ಜಾಗದ ಟಚಪ್ ಪೂರ್ತಿ ತೆಗೆದುಬಿಡಿ.

ಪ್ರಶ್ನೆ: ಮಾಸ್ಕ್ ಸಾಮಾನ್ಯದ್ದು ಸಾಕಾ?

ಉತ್ತರ: ಉಜ್ಜುವಾಗಿನ ಧೂಳಿಗೆ ಎನ್95 ಸಾಕು. ಆದರೆ ಹಾರ್ಡನರ್ (ಗಟ್ಟಿ ಮಾಡೋ ದ್ರವ) ಬೆರೆಸಿದ ಪಿಯು (ಪಾಲಿಯುರೆಥೇನ್) ಕ್ಲಿಯರ್‌ಗೆ ಅದು ಏನೇನೂ ಸಾಲದು. ಅದರಲ್ಲಿರೋ ಐಸೊಸೈನೇಟ್ ಉಸಿರಲ್ಲಿ ಹೋದರೆ ಆಸ್ತಮಾ ಹಿಡಿಯಬಹುದು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರ್ತಾರೆ. ಉಜ್ಜಿ ತಯಾರು ಮಾಡೋದೆಲ್ಲ ನೀವೇ ಮಾಡಿ, ಬಾನೆಟ್ ಬಿಚ್ಚಿಕೊಂಡು ಹೋಗಿ ಬಣ್ಣ, ಕ್ಲಿಯರ್ ಮಾತ್ರ ಪೇಂಟ್ ಬೂತ್ (ಬಣ್ಣ ಹೊಡೆಯೋ ಮುಚ್ಚಿದ ಕೋಣೆ) ಇರೋ ಗ್ಯಾರೇಜಲ್ಲಿ ಹೊಡೆಸಿ.