ಸೊಂಟ, ನಡು, ಟೊಂಕ: ಚಿತ್ರ ಬರೆಯುವಾಗ ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತೇನೆ. ಮೊನ್ನೆ ಒಂದು ಪದ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಬಸ್ಸಿಗೆ ಕಾಯುತ್ತ ನಿಂತ ಹೆಂಗಸಿನ ಫೋಟೊ ಕೊಟ್ಟಿದ್ದೆ. ಮೈಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲು ಸಡಿಲ. "ಸೊಂಟ ಓರೆಯಾಗಿದೆ ನೋಡಿ, ಮೊದಲು ಅದನ್ನು ಹಿಡಿಯಿರಿ" ಅಂದೆ. ಅರ್ಧ ಮಕ್ಕಳು ಹೊಕ್ಕಳ ಪಕ್ಕದ ಮೆತ್ತನೆ ಜಾಗವನ್ನು ಬಗ್ಗಿಸಿದರು. ಉಳಿದವರು ತೊಡೆಯ ಮೇಲಿನ ಎಲುಬನ್ನು ಓರೆ ಮಾಡಿದರು. ಎಲ್ಲರೂ ನನ್ನ ಮಾತನ್ನೇ ಕೇಳಿದ್ದು, ಪಾಪ!

ಚಿತ್ರ ಬರೆಯುವವರಿಗೆ ಈ ಎರಡು ಜಾಗ ಬೇರೆಬೇರೆ. ಮೇಲೆ ಪಕ್ಕೆಲುಬಿನ ಗೂಡು, ಕೆಳಗೆ ಬೋಗುಣಿಯಂಥ ಎಲುಬು. ಬೋಗುಣಿ ಬಾಗುವುದಿಲ್ಲ, ವಾಲುತ್ತದೆ ಅಷ್ಟೆ. ಇವೆರಡರ ಮಧ್ಯೆ ಇರುವ ಎಲುಬೆಂದರೆ ಬೆನ್ನುಮೂಳೆಯ 5 ಮಣಿಗಳು ಮಾತ್ರ. ಮೈ ಬಾಗುವುದು ಅಲ್ಲಿ. ಬೇಕಾದರೆ ಈಗಲೇ ಎದ್ದು ನಿಂತು ನೋಡಿ. ಎರಡು ಹೆಬ್ಬೆರಳನ್ನು ಬೋಗುಣಿ ಎಲುಬಿನ ಎರಡೂ ಪಕ್ಕದ ಅಂಚಿನ ಮೇಲಿಟ್ಟು, ಬಲಗಾಲಿಗೆ ಭಾರ ಕೊಟ್ಟು, ಎಡ ಮಂಡಿ ಸಡಿಲ ಬಿಡಿ. ಬಲ ಹೆಬ್ಬೆರಳು ಮೇಲೆ ಹೋಗುತ್ತದೆ, ಎಡದ್ದು ಇಳಿಯುತ್ತದೆ. ಹೆಗಲು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಬಲಪಕ್ಕೆ ಒತ್ತಿ ಮಡಿಕೆ ಬೀಳುತ್ತದೆ, ಎಡಪಕ್ಕೆ ಹಿಗ್ಗುತ್ತದೆ. ಈ ಎರಡು ಓರೆ ಸಿಗದಿದ್ದರೆ ಎಷ್ಟೇ ಫೋಟೊ ನೋಡಿ ಬರೆದರೂ ಮನುಷ್ಯ ಕರೆಂಟು ಕಂಬದ ಹಾಗೆ ಕಾಣುತ್ತಾನೆ.

ನಮ್ಮ 'ಸೊಂಟ' ಮಾತ್ರ ಎಲ್ಲಿ ಬೇಕಾದರೂ ಕೂರುತ್ತದೆ. 'ಸೊಂಟ ನೋವು' ಅಂದರೆ ಬೆನ್ನಿನ ಕೆಳಭಾಗ. 'ಸೊಂಟದ ಮೇಲೆ ಕೊಡ' ಅಂದರೆ ಎಲುಬಿನ ಅಂಚು. ಸಿನಿಮಾ ಹಾಡಿನ ಬಳುಕುವ ಸೊಂಟ ಮಧ್ಯದ ಸಣ್ಣ ಭಾಗ. ಪ್ಯಾಂಟು ಹೊಲಿಯುವ ದರ್ಜಿಗಳಿಗೂ ಇದೇ ಕಷ್ಟ ಬಂದಿರಬೇಕು. ಸೊಂಟ ಅಳೆದ ಮೇಲೆ 'ಸೀಟು' ಅಂತ ಇನ್ನೊಂದು ಅಳತೆ ಬರೆದುಕೊಳ್ಳುತ್ತಾರೆ, ಅಲ್ವಾ?

ಮಧ್ಯದ ಭಾಗಕ್ಕೆ 'ನಡು' ಸರಿ ಅನ್ನಿಸುತ್ತದೆ. ಪದದಲ್ಲೇ ಜಾಗ ಇದೆ. ಆದರೆ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು "ನಮ್ಮಜ್ಜಿ ನಡಾ ನೋಯ್ತದ ಅಂತ ಹಿಂದಿನ ಎಲುಬು ಹಿಡ್ಕೋತಾಳ್ರಿ" ಅಂದಳು. ಮುಗೀತು.

ಕೆಳಗಿನ ಎಲುಬಿಗೆ ಏನನ್ನೋಣ? ವಿಜ್ಞಾನದ ಪುಸ್ತಕದ 'ಶ್ರೋಣಿ' ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. 'ಟೊಂಕ' ನನಗೆ ಇಷ್ಟ, ಆದರೆ ನಮ್ಮ ಮೈಸೂರು ಕಡೆ ಅದು 'ಟೊಂಕ ಕಟ್ಟಿ ನಿಲ್ಲು' ಅನ್ನುವುದರಲ್ಲಿ ಬಿಟ್ಟರೆ ಜಾಸ್ತಿ ಕೇಳುವುದಿಲ್ಲ. ಹಳಬರು ಬೇರೆಬೇರೆ ಹೆಸರು ಇಟ್ಟಿದ್ದರು. ನಾಟ್ಯಶಾಸ್ತ್ರದ ಆರು ಅಂಗಗಳಲ್ಲಿ ಪಾರ್ಶ್ವ ಬೇರೆ, ಕಟಿ ಬೇರೆ. ಪಕ್ಕೆ ಒಂದು, ಟೊಂಕ ಇನ್ನೊಂದು ಅಂತ ನಾನು ಓದಿಕೊಂಡಿದ್ದೇನೆ.

ನಿಲುವಿನ ಹೆಸರಿಗೆ ಮಾತ್ರ ಕೊರತೆಯಿಲ್ಲ. ಶಿಲ್ಪಿಗಳ ಮಾತಿನಲ್ಲಿ ನೆಟ್ಟಗೆ ನಿಂತರೆ ಸಮಭಂಗ, ಒಂದು ಕಾಲಿಗೆ ಭಾರ ಬಿಟ್ಟು ತುಸು ವಾಲಿದರೆ ಆಭಂಗ, ಮೂರು ಕಡೆ ಬಾಗಿದರೆ ತ್ರಿಭಂಗ. ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಕೊನೆಯದನ್ನು ವಿವರಿಸಬೇಕಿಲ್ಲ. ನಮ್ಮ ಬಸ್‌ಸ್ಟಾಪಿನ ಹೆಂಗಸು ಆಭಂಗದಲ್ಲಿದ್ದಳು. ಮಕ್ಕಳಿಗೆ ಈ ಹೆಸರು ತಕ್ಷಣ ಹಿಡಿಸಿತು.

ಈ ವಾರ ಹಟ ಹಿಡಿದು ಬಾಗುವುದಕ್ಕೆ 'ನಡು', ವಾಲುವುದಕ್ಕೆ 'ಟೊಂಕ' ಅಂತ ಹೇಳಿ ನೋಡುತ್ತೇನೆ. ನಿಮ್ಮ ಊರಿನಲ್ಲಿ ಟೊಂಕ ಅಂದರೆ ಎಲ್ಲಿ ಕೈ ಇಡುತ್ತಾರೆ? ಮಗುವನ್ನು ಕೂರಿಸಿಕೊಳ್ಳುವ ಆ ಎಲುಬಿನ ಅಂಚಿಗೆ ನಿಮ್ಮ ಮನೆಯಲ್ಲಿ ಬೇರೆ ಹೆಸರು ಇದೆಯಾ? ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ.