ಕೊಹ್ಲರ್ ಕೆ301: ಪಾಯಿಂಟ್ ಗ್ಯಾಪ್ ಸರಿ ಇದ್ದರೂ ಇಂಜಿನ್ ಉಲ್ಟಾ ಒದೆಯುತ್ತಿದೆ

ತಿಕೋಟಾ, ವಿಜಯಪುರ:
ನಮಸ್ಕಾರ. ದ್ರಾಕ್ಷಿ ಸಾಲಿನ ನಡುವೆ ಓಡಿಸಲು ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಇದೆ. ಇಂಜಿನ್ ಕೊಹ್ಲರ್ ಕೆ301, ಒಂದೇ ಸಿಲಿಂಡರ್, 12 ಎಚ್‌ಪಿ, ಬ್ಯಾಟರಿ ಇಗ್ನಿಷನ್. ಹೊಸ ಪಾಯಿಂಟ್ (ತೆರೆದಾಗ ಕಿಡಿ ಕೊಡಿಸುವ ಸ್ವಿಚ್), ಕಂಡೆನ್ಸರ್ ಹಾಕಿಸಿದ ಮೇಲೆ ಸೆಲ್ಫ್ ಹೊಡೆದರೆ ಉಲ್ಟಾ ಒದೆಯುತ್ತದೆ. ಕುಂಟೆ ಕಟ್ಟಿ ಎಳೆದರೆ ಒಳಗೆ ಟಕ್ ಟಕ್ ಸದ್ದು. ಪ್ಲಗ್ ಬದಲಿಸಿದರೂ ಫರಕ್ ಇಲ್ಲ. ಗ್ಯಾಪ್ 0.020 ಇಂಚು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿಯೇ ಇಟ್ಟದ್ದು.

ಮುಧೋಳ, ಬಾಗಲಕೋಟೆ:
ಅಣ್ಣಾ, ಫೀಲರ್ ಹಾಕುವಾಗ ಫ್ಲೈವೀಲ್ ಎಲ್ಲಿತ್ತು?

ತಿಕೋಟಾ:
ಟಿ ಗುರುತಿನ ಮೇಲೆ. ಪಿಸ್ಟನ್ ಪೂರ್ತಿ ಮೇಲಿರಬೇಕು ಎಂದು ಮಿಸ್ತ್ರಿ ಹೇಳಿದರು.

ಮುಧೋಳ:
ತೊಂದರೆ ಅಲ್ಲೇ ಇದೆ. ಈ ಇಂಜಿನ್ನಿನಲ್ಲಿ ಕಿಡಿ ಬೀಳಬೇಕಾದದ್ದು ಎಸ್ ಗುರುತಿಗೆ, ಅಂದರೆ ಟಿ ಬರುವುದಕ್ಕಿಂತ 20 ಡಿಗ್ರಿ ಮೊದಲು. ಪಾಯಿಂಟ್ ತೆರೆಯಲು ಶುರುವಾಗುವುದು ಎಸ್‌ಗೆ, ಟಿ ಬರುವ ಹೊತ್ತಿಗೂ ಅದು ಪೂರ್ತಿ ತೆರೆದಿರುವುದಿಲ್ಲ. ಅಲ್ಲಿ 0.020 ಇಟ್ಟರೆ, ಪೂರ್ತಿ ತೆರೆದಾಗ ಗ್ಯಾಪ್ ಇನ್ನೂ ಜಾಸ್ತಿ. ಗ್ಯಾಪ್ ಜಾಸ್ತಿ ಆದಷ್ಟೂ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿಯೂ ಬೇಗ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಹತ್ತಿದರೆ ಒದೆಯದೆ ಇನ್ನೇನು ಮಾಡುತ್ತದೆ? ಸರಿಯಾಗುವ ತನಕ ದಯವಿಟ್ಟು ಕುಂಟೆ ಕಟ್ಟಬೇಡಿ. ಆ ಟಕ್ ಟಕ್ ಪಿಸ್ಟನ್ನಿಗೆ ಪೆಟ್ಟು.

ಬ್ಯಾಟರಿ ವೈರ್ ತೆಗೆಯಿರಿ, ಪ್ಲಗ್ಗೂ ಬಿಚ್ಚಿ, ಫ್ಲೈವೀಲ್ ಕೈಗೆ ಹಗುರಾಗುತ್ತದೆ. ಅದರ ಕಡೆ ನಿಂತು ಗಡಿಯಾರದ ಮುಳ್ಳಿನಂತೆ ತಿರುಗಿಸಿ. ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ 0.020 ಇಡಿ. ಇದು ಬರೀ ಶುರುವಾತು. ಈಗ ಪಾಯಿಂಟ್‌ಗೆ ಬರುವ ಕಾಯಿಲ್ ವೈರ್ ಮತ್ತು ಕಂಡೆನ್ಸರ್ ವೈರ್ ಬಿಡಿಸಿ. ಬಿಡಿಸದಿದ್ದರೆ ಮೀಟರ್ ಸುಳ್ಳು ಹೇಳಬಹುದು. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಒಂದು ಕಡ್ಡಿ ಪಾಯಿಂಟ್‌ಗೆ, ಇನ್ನೊಂದು ಇಂಜಿನ್ ಬಾಡಿಗೆ. ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಎಸ್ ಗುರುತು, ಫ್ಲೈವೀಲ್ ಗುರುತು ನೋಡುವ ಕಿಂಡಿಯ ನಡುವೆ ಬಂದ ಕ್ಷಣಕ್ಕೇ ಬೀಪ್ ನಿಲ್ಲಬೇಕು. ಮೊದಲೇ ನಿಂತರೆ ಗ್ಯಾಪ್ ಒಂದಿಷ್ಟು ಕಡಿಮೆ ಮಾಡಿ. ದಾಟಿ ನಿಂತರೆ ಜಾಸ್ತಿ ಮಾಡಿ. ಗುರುತು ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ಎಳೆದು ನೋಡಬೇಡಿ, ಗೇರಿನ ಆಟದಿಂದ ಲೆಕ್ಕ ತಪ್ಪುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಇನ್ನೊಂದು ಮಾತು. ಪಾಯಿಂಟ್ ಒದೆಯುವುದು ಕ್ಯಾಮ್, ಫ್ಲೈವೀಲ್ ಎರಡು ಸುತ್ತು ಬಂದರೆ ಅದು ಒಂದೇ ಸುತ್ತು. ಹಾಗಾಗಿ ಎರಡು ಸುತ್ತಿಗೆ ಒಂದೇ ಸಲ ತೆರೆಯುತ್ತದೆ. ಎಸ್ ಬಂದರೂ ಬೀಪ್ ನಿಲ್ಲದಿದ್ದರೆ ಗಾಬರಿ ಬೇಡ, ಇನ್ನೊಂದು ಸುತ್ತು ತಿರುಗಿಸಿ.

ಗೋಕಾಕ, ಬೆಳಗಾವಿ:
ಮುಧೋಳದವರು ಹೇಳಿದ್ದು ಸರಿ. ಪಾಯಿಂಟ್ ಡಬ್ಬಿಯ ಒಳಗೂ ಒಮ್ಮೆ ನೋಡಿರಿ. ಅಲ್ಲಿ ಪಾಯಿಂಟ್ ತಳ್ಳುವ ಸಣ್ಣ ಪುಶ್ ರಾಡ್ ಇದೆ. ಅದರ ತೂತು ಸವೆದರೆ ಆಯಿಲ್ ಬಂದು ಪಾಯಿಂಟ್ ಮೇಲೆ ಕೂರುತ್ತದೆ. ಮುಚ್ಚಳ ಸಡಿಲಿದ್ದರೆ ನಮ್ಮ ಎರೆಮಣ್ಣಿನ ಧೂಳೂ ಸೇರಿ ಕಪ್ಪು ರಾಡಿಯಾಗುತ್ತದೆ. ಒಣ ಬಿಳಿ ಕಾಗದ ಪಾಯಿಂಟ್ ನಡುವೆ ಇಟ್ಟು ಎಳೆಯಿರಿ, ಕಲೆ ಬರದಂತಾಗುವ ತನಕ. ಫೀಲರ್ ಗೇಜಿನ ಎಣ್ಣೆಯೂ ಉಳಿಯಬಾರದು. ಉಪ್ಪು ಕಾಗದದಿಂದ ಮಾತ್ರ ಉಜ್ಜಬೇಡಿ, ಅದರ ಹರಳು ಒಳಗೆ ಕೂತುಬಿಡುತ್ತದೆ.

ಟೈಮಿಂಗ್ (ಕಿಡಿ ಬೀಳುವ ಹೊತ್ತು) ಸರಿಯಾದ ಮೇಲೂ ಒದೆದರೆ ಎಸಿಆರ್ ನೋಡಿಸಿ. ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಎತ್ತಿ ಕಂಪ್ರೆಷನ್ ಇಳಿಸುವ ಭಾಗ ಅದು.

ತಿಕೋಟಾ:
ಪಾಯಿಂಟ್ ಪೂರ್ತಿ ತೆರೆಸಿ ಅಳೆದರೆ 0.030 ಫೀಲರ್ ಸಲೀಸಾಗಿ ಹೋಯಿತು! ಮೊದಲು 0.020 ಇಟ್ಟೆ, ಆಮೇಲೆ ಬೀಪ್ ನೋಡಿ ಎಸ್‌ಗೆ ಕೂರಿಸಿದೆ. ಕೊನೆಗೆ ಗ್ಯಾಪ್ 0.019 ಬಂತು. ಸೆಲ್ಫ್ ಕೊಟ್ಟ ಕೂಡಲೇ ಹಿಡಿಯಿತು, ಒದೆತ ಇಲ್ಲ. ಕುಂಟೆ ಕಟ್ಟಿ ಎಳೆದೆ, ಸದ್ದೂ ಇಲ್ಲ. ಇಬ್ಬರಿಗೂ ತುಂಬಾ ಉಪಕಾರವಾಯಿತು. 0.019 ಇದ್ದರೆ ನಡೆಯುತ್ತದೆ ಅಲ್ವಾ?

ಮುಧೋಳ:
ನಡೆಯುತ್ತದೆ. ಗುರುತು ಸರಿ ಬಂತಲ್ಲ, ಅದಕ್ಕಾಗಿ ಗ್ಯಾಪ್ ಇಷ್ಟು ಅತ್ತಿತ್ತ ಆದರೆ ಅಡ್ಡಿಯಿಲ್ಲ. ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿನುಗುವ ದೀಪ) ಸಿಕ್ಕರೆ 1200ರಿಂದ 1800 ಆರ್‌ಪಿಎಂ ನಡುವೆ ಓಡಿಸಿ ಎಸ್ ಮೇಲೆ ಬಿಟ್ಟು ನೋಡಿ. ಹೊಸ ಪಾಯಿಂಟ್ ಒಂದಿಷ್ಟು ಓಡಿದ ಮೇಲೆ ಸವೆದು ಕೂರುತ್ತದೆ. ಆಗ ಗ್ಯಾಪ್ ಇಳಿದು ಟೈಮಿಂಗ್ ಲೇಟ್ ಆಗುತ್ತದೆ. ಎಳೆತ ಕಡಿಮೆಯಾಗಿ ಸೈಲೆನ್ಸರ್ ಜಾಸ್ತಿ ಕಾಯತೊಡಗಿದರೆ ಮತ್ತೆ ಮುಚ್ಚಳ ಬಿಚ್ಚಿ ನೋಡಿ. ಕೀ ಆನ್ ಇಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.