ಹೊಸ ವರ್ಷಕ್ಕ ಕುಮಾರವ್ಯಾಸ: ಕೂಡಿ ಓದೋಣೇನ್ರಿ?

ಸಾಧನಕೇರಿ ಸೈಕಲ್: ಎಲ್ಲಾರಿಗೂ ನಮಸ್ಕಾರ. ಜನವರಿ 1ರಿಂದ ಕುಮಾರವ್ಯಾಸ ಭಾರತ ಕೂಡಿ ಓದೋಣು ಅಂತ ವಿಚಾರ ಅದ. ಹತ್ತು ಪರ್ವ, ಎಂಟು ಸಾವಿರಕ್ಕ ಮಿಕ್ಕಿ ಪದ್ಯ. ದಿನಾ 23 ಓದಿದ್ರ ಡಿಸೆಂಬರ್‌ದಾಗ ಗದಾಪರ್ವ ಮುಗೀತದ. ಅವರವರ ಮನ್ಯಾಗ ಓದಿ ಗುಂಪಿನ್ಯಾಗ ಟಿಕ್ ಹಾಕೂದು, ಇಷ್ಟ. ಯಾರ್ಯಾರು ಬರ್ತೀರಿ?

ಹಳೇ ಹುಬ್ಬಳ್ಳಿ: ಸರ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ಹಿಂಗ ಒಂದು ದಪ್ಪನ ರಷ್ಯನ್ ಕಾದಂಬರಿ ಹಿಡಿದು 26 ಮಂದಿ ಸೇರಿದ್ವಿ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಫೋಟೋ ಬಂದ್ವು, ಶಿವರಾತ್ರಿಗೆ ಶುಭಾಶಯ ಬಂದ್ವು. ಯುಗಾದಿ ಹೊತ್ತಿಗೆ ಗುಂಪಿನ್ಯಾಗ ಉಳಿದದ್ದು ಪ್ಲಾಟ್ ಮಾರೂ ಜಾಹೀರಾತು. ನಾ 80ನೇ ಪುಟದಾಗ ಸಿಕ್ಕೊಂಡಾವ ಇನ್ನೂ ಅಲ್ಲೇ ಅದೀನಿ.

ಸಪ್ತಾಪುರ ರೂಮು ನಂಬರ್ 4: ಪರೀಕ್ಷಾಕ್ಕ ಬರ್ತೈತೇನ್ರಿ ಇದು? ಬಂದ್ರ ನಾನೂ.

ಬೆಟಗೇರಿ ಮಗ್ಗ: ಸೈಕಲ್ ಸರ, ನಮ್ಮ ಗದಗಿನ ಕವಿಗೆ ಬಡ್ಡಿ ಲೆಕ್ಕ ಹಾಕಿದಂಗ ಹಾಕೀರಿ. ಅದು ಕಣ್ಣಿಲೆ ಓದೂ ಪುಸ್ತಕ ಅಲ್ರಿ. ನಾನೂ ಮೊದಲ ಒಬ್ಬನ ಕುಂತು ಬಾಯಿ ಮುಚ್ಚಿ ಓದಾಕ ಹೋಗಿ ಸೋತಾವ. ಪೀಠಿಕೆಯೊಳಗ ಒಂದು ಪದ್ಯ ಐತಿ: ರಾಮಾಯಣ ಬರದ ಕವಿಗಳ ಭಾರಕ್ಕ ಆದಿಶೇಷ ತಿಣುಕ್ಯಾನ, ಅಲ್ಲಿ ಕಾಲಿಡಾಕ ಜಾಗಾ ಇಲ್ಲ ಅಂತ. ಅಚ್ಚಿನ್ಯಾಗ ಮೊದಲನೇ ಸಾಲು 'ತಿಣಿಕಿದನು ಫಣಿರಾಯ ರಾಮಾ' ಅಂತ ನಿಲ್ತೈತಿ. ಎರಡನೇದು 'ಯಣದ' ಅಂತ ಸುರು. ಈ 'ಯಣ' ಏನಪಾ ಅಂತ ನಾ ನಿಘಂಟು ತಿರುವಿದಾವ, ನಗಬ್ಯಾಡ್ರಿ! ವೀರನಾರಾಯಣ ಗುಡಿಯಾಗ ಒಬ್ಬ ಅಜ್ಜಾರು ಉಸುರು ಬಿಡದ ಎರಡೂ ಸಾಲು ಕೂಡಿಸಿ ಅಂದು ತೋರಿಸಿದ್ರು. ರಾಮಾಯಣದ! ಮೂರು-ನಾಕು, ಮೂರು-ನಾಕು ಮಾತ್ರೆಯ ಭಾಮಿನಿ ಷಟ್ಪದಿ ಅದು. ಸಾಲು ಮುರಿಯೂದು ಮಾತ್ರೆ ತುಂಬಿದ್ದಕ್ಕ, ಅರ್ಥ ಮುಗಿದದ್ದಕ್ಕಲ್ಲ. ಬಾಯಿಲೆ ಅಂದ್ರ ಗಂಟು ತಾನ ಬಿಚ್ತೈತಿ.

ಸಾಧನಕೇರಿ ಸೈಕಲ್: ಅಂದ್ರ ಗಮಕ, ರಾಗ ಹಚ್ಚಿ ಕಾವ್ಯ ಓದೂದು, ಅದನ್ನ ಕಲೀಬೇಕೇನು? ಅದು ಶಿವಮೊಗ್ಗ ಕಡೆ ಹೊಸಹಳ್ಳಿಯವರ ಕೆಲಸ. ನನ್ನ ದನಿ ಕೇಳಿದ್ರ ಮನ್ಯಾಗಿನ ಬೆಕ್ಕೂ ಹೊರಗ ಹೋಗ್ತದ.

ಬೆಟಗೇರಿ ಮಗ್ಗ: ಕವಿ ಗದಗಿನಾವ, ಹಾಡಾಕ ಹೊಸಹಳ್ಳಿಯವರು ಬೇಕು, ಇದ ನಮ್ಮ ಹಣೇಬರಹ. ರಾಗ ಬ್ಯಾಡ್ರಿ. ಮಗ್ಗಿ ಅಂದಂಗ ಅನ್ರಿ, ಸಾಕು.

ಹಾವೇರಿ ಏಲಕ್ಕಿ: ನಾನು ಸಾಲಿ ಟೀಚರ್, ಒಂದು ಮಾತು ಹೇಳಲೇನ್ರಿ? ಪೂರ್ತಿ ಯಾಕ ಬೇಕು? ಯುದ್ಧದ ಪರ್ವಗಳಾಗ ಬಾಣದ ಮ್ಯಾಲೆ ಬಾಣ, ಹತ್ತು ಪದ್ಯಕ್ಕ ನಿದ್ದಿ ಬರ್ತದ. ಉದ್ಯೋಗಪರ್ವದಾಗ ಕೃಷ್ಣ ಕರ್ಣಗ ಅವನ ಹುಟ್ಟು ತಿಳಸೂ ಭಾಗ ಅದಲ್ಲ, ಅದೊಂದನ್ನ ತಿಂಗಳುಗಟ್ಲೆ ಓದ್ರಿ. ಒಂಬತ್ತನೇತ್ತೆ ಹುಡುಗರ ಮುಂದ ಅದನ್ನ ಓದಿದಾಗ ಹಿಂದಿನ ಬೆಂಚಿನವರೂ ಸುಮ್ಮನ ಕೂತಿದ್ರು. 'ಇಡೀ ಭಾರತ ಮುಗಿಸೀನಿ' ಅಂತ ಸ್ಟೇಟಸ್ ಹಾಕೂದಕ್ಕ ಓದೂದಾದ್ರ ನಾ ಒಲ್ಲೆ.

ಸಾಧನಕೇರಿ ಸೈಕಲ್: ಮೇಡಂ, ಸ್ಟೇಟಸ್ ಮಾತು ನನಗ ನಾಟಿತು. ಆದ್ರ ನೆಟ್ಟಗಿದ್ದದ್ದಷ್ಟ ಆರಿಸಿಕೊಂಡ್ರ ಸಾಲಿ ಪಠ್ಯ ಆಗಂಗಿಲ್ಲೇನ್ರಿ? ಬ್ಯಾಸರ ಆಗೂ ಪದ್ಯಕ್ಕ ಮಂದಿ ಬೇಕು. ಚೊಲೋ ಪದ್ಯ ಒಬ್ಬರ ಓದಬಹುದು.

ಹಳೇ ಹುಬ್ಬಳ್ಳಿ: ಈ ಮಾತು ಖರೆ. ನಮ್ಮ ರಷ್ಯನ್ ಗುಂಪು ಸತ್ತದ್ದೂ ಇದಕ್ಕ. ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಬ್ಯಾಸರ ಪಟ್ವಿ, ಗುಂಪಿನ್ಯಾಗ ಬರೇ ಹೆಬ್ಬೆಟ್ಟು ತೋರಿಸಿದ್ವಿ. ಒಬ್ಬರು ಅಂದು, ಒಬ್ಬರು ಅರ್ಥ ಹೇಳಿ, ತಿಳೀದಿದ್ರ ಅಲ್ಲೇ ಜಗಳಾಡೂದಾದ್ರ ನಾ ಬರ್ತೀನಿ. ಕುವೆಂಪು-ಮಾಸ್ತಿ ಸಂಪಾದಿಸಿದ ಪ್ರತಿ ನಮ್ಮ ಕಾಕಾನ ಕಪಾಟಿನ್ಯಾಗೈತಿ, ಹುಳಾ ತಿನ್ನದಿದ್ರ.

ಸಾಧನಕೇರಿ ಸೈಕಲ್: ಹಂಗಾದ್ರ 23ರ ಲೆಕ್ಕ ಬಿಟ್ಟೆ. ಐತವಾರ ಮುಂಜಾನೆ ಏಳಕ್ಕ, ಧಾರವಾಡದಾಗ ನಮ್ಮ ಸಾಧನಕೇರಿ ಕೆರಿ ದಂಡಿ ಮ್ಯಾಲೆ. ಎಷ್ಟಾಗ್ತದ ಅಷ್ಟು. ಮಗ್ಗದವರು ಗದಗಿನಿಂದ ಬರಬೇಕು, ಅಂದು ತೋರಿಸಲಿಕ್ಕೆ.

ಬೆಟಗೇರಿ ಮಗ್ಗ: ಏಳಕ್ಕ ಬಂದು ಮುಟ್ಟೂದು ನನಗ ಆಗಂಗಿಲ್ರಿ. ಹತ್ತಕ್ಕ ಇಡ್ರಿ.

ಹಾವೇರಿ ಏಲಕ್ಕಿ: ನಾ ಕರ್ಣನ ಭಾಗಕ್ಕಷ್ಟ ಬರ್ತೀನಿ.

ಬೆಟಗೇರಿ ಮಗ್ಗ: ಅದು ಐದನೇ ಪರ್ವ, ಅಕ್ಕಾರ. ನಾವು ಓದೂ ಚಂದಕ್ಕ ಅಲ್ಲಿಗೆ ಮುಟ್ಟೂದು ಬರೂ ವರ್ಷದ ಸಂಕ್ರಾಂತಿಗೆ.

ಹಾವೇರಿ ಏಲಕ್ಕಿ: ಆತಪಾ, ಆದಿಪರ್ವಕ್ಕ ಬರ್ತೀನಿ. ಹತ್ತಕ್ಕ ಅಂದ್ರ ಹತ್ತಕ್ಕ ಸುರು ಮಾಡ್ರಿ ಮತ್ತ.